ಥಾರ್ನ್‌ಬೆಕ್‌ನಲ್ಲಿ ಕಾಲುಬಾಯಿ ಜ್ವರದ ವರ್ಷ

ಕೆನಡಾದ ಕಾಡುಗಳಿಗೆ ಬೆಂಕಿ ಬಿದ್ದ ಬೇಸಿಗೆಯಲ್ಲಿ ಅದರ ಹೊಗೆ ನಮ್ಮ ನೇಪರ್‌ವಿಲ್‌ವರೆಗೂ ಬಂದಿತ್ತು. ಪಕ್ಕದೂರು ಲೈಲ್‌ನ ಆಫೀಸಿಗೆ ಹೊರಡಲೆಂದು ಗ್ಯಾರೇಜಿನ ಬಾಗಿಲು ತೆಗೆದರೆ ಎದುರು ಮನೆಯ ಮೇಪಲ್ ಮರ ಅರ್ಧಕ್ಕರ್ಧ ಮಾಯವಾಗಿತ್ತು. ಸೂರ್ಯನನ್ನು ಬರಿಗಣ್ಣಿನಲ್ಲಿ ದಿಟ್ಟಿಸಬಹುದಿತ್ತು. ಬರೀ ಮರ ಸುಟ್ಟ ವಾಸನೆ, ಬೇರೇನಲ್ಲ. ಆದರೂ ಅದು ಮೂಗಿಗೆ ತಾಗಿದ್ದೇ ತಡ, ಕಾರಿನ ಬಾಗಿಲ ಮೇಲಿದ್ದ ನನ್ನ ಕೈ ಹಾಗೇ ನಿಂತುಬಿಟ್ಟಿತು. ಅಷ್ಟರಲ್ಲಿ ಮಿಶಿಗನ್ನಿನ ಲಿವೋನಿಯಾದಿಂದ ಅಮ್ಮನ ಫೋನು.

"ಕಿಟಕಿ ಎಲ್ಲಾ ಹಾಕಿದ್ಯಾ? ಮಗೂನ ಹೊರಗಡೆ ಬಿಡ್ಬೇಡ ಕಣೆ. ಒಣಗಾಕಿರೋ ಬಟ್ಟೆ ಇದ್ರೆ ಒಳಗೆ ತಗೋ."

ನಮ್ಮ ಬಡಾವಣೆಯಲ್ಲಿ ಯಾರೂ ಬಟ್ಟೆಯನ್ನು ಹೊರಗೆ ಒಣಹಾಕುವುದಿಲ್ಲ. ಅದು ಅಮ್ಮನಿಗೂ ಗೊತ್ತು.

"ಅಮ್ಮಾ, ಇದು ಕಾಡಿನ ಹೊಗೆ. ನ್ಯೂಸಲ್ಲಿ ಹೇಳ್ತಿದಾರಲ್ಲ."

"ಗೊತ್ತು. ನಿಮ್ಮಪ್ಪಾನೂ ಅದನ್ನೇ ಹೇಳ್ತಿದಾರೆ. ಆದ್ರೂ ನೀನು ಬಟ್ಟೆ ಒಳಗೆ ತಗೋ."

ಸಮ್ಮರ್ ಕ್ಯಾಂಪಿಗೆ ಹೊರಟು ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಮಗಳು ಇಶಾ ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ವೈ ಈಸ್ ಅಜ್ಜಿ ಸೋ ಸ್ಕೇರ್ಡ್?" ಎಂದಳು. ಅವಳಿಗೆ ಹತ್ತು ವರ್ಷ. ಥಾರ್ನ್‌ಬೆಕ್‌ನಲ್ಲಿ ಆ ವರ್ಷ ನನಗೂ ಅಷ್ಟೇ ವಯಸ್ಸು. ಅವತ್ತು ಅವಳಿಗೆ ಏನೋ ಒಂದು ಹೇಳಿ ಕಾರು ಹೊರಡಿಸಿದೆ. ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಥಾರ್ನ್‌ಬೆಕ್ ಇಂಗ್ಲೆಂಡಿನ ಉತ್ತರ ಭಾಗದ ಒಂದು ಹಳ್ಳಿ. ನಮ್ಮಪ್ಪ ದನದ ಡಾಕ್ಟರು. ಮದ್ದೂರಿನ ಕಡೆ ಊರೂರು ಸುತ್ತಿ ಹಸು ಎಮ್ಮೆಗಳಿಗೆ ಇಂಜೆಕ್ಷನ್ ಕೊಟ್ಟುಕೊಂಡಿದ್ದವರು ಅಲ್ಲಿನ ಪರೀಕ್ಷೆಗಳನ್ನು ಕಟ್ಟಿ, ಪಾಸು ಮಾಡಿ, ಒಂದು ಕಸಾಯಿಖಾನೆಯಲ್ಲಿ ಮಾಂಸ ತಪಾಸಣೆಯ ಕೆಲಸಕ್ಕೆ ಸೇರಿಕೊಂಡಿದ್ದರು. ಅಮ್ಮನಿಗೆ ಆ ಕೆಲಸದ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಊರಿಗೆ ಫೋನ್ ಮಾಡಿದಾಗ "ಗೌರ್ಮೆಂಟ್ ಡಾಕ್ಟ್ರ ಕೆಲಸ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು.

ಹಳ್ಳಿಯೆಂದರೆ ಒಂದು ಬೀದಿ, ಒಂದು ಚರ್ಚು, ಒಂದು ಪಬ್ಬು, ಪೋಸ್ಟಾಫೀಸೂ ಆಗಿದ್ದ ಒಂದು ಅಂಗಡಿ, ಇಬ್ಬರು ಟೀಚರುಗಳ ಒಂದು ಶಾಲೆ. ಸುತ್ತ ಬೋಳು ಗುಡ್ಡಗಳು, ಗುಡ್ಡದ ಮೇಲೆಲ್ಲ ಕಲ್ಲು ಪೇರಿಸಿದ ಮೋಟುಗೋಡೆಗಳು, ಗೋಡೆಗಳ ನಡುವೆ ಕುರಿಗಳು. ನಮ್ಮ ಬಾಡಿಗೆ ಮನೆ ಊರ ಕೊನೆಯಲ್ಲಿತ್ತು. ಹಿತ್ತಲಿನ ಗೋಡೆ ದಾಟಿದರೆ ಹಾರಲ್ಡ್ ಮತ್ತು ಜೀನ್ ಅವರ ಜಮೀನು. ಅವರಿಗೆ ಐವತ್ತರ ಮೇಲಾಗಿತ್ತು, ಮಕ್ಕಳಿರಲಿಲ್ಲ. ಹಾರಲ್ಡ್ ಎತ್ತರದ ಆಳು, ಮಾತು ಕಡಿಮೆ. ಜೀನ್ ಎಲ್ಲರನ್ನೂ, ಪೋಸ್ಟಿನವನನ್ನೂ ಸೇರಿಸಿ, "ಲವ್" ಎಂದೇ ಕರೆಯುತ್ತಿದ್ದಳು. ದೊಡ್ಡ ಕೊಟ್ಟಿಗೆಯಲ್ಲಿ ಅವರ ಹಸುಗಳನ್ನು ಮೆಷಿನ್ ಹಾಕಿ ಕರೆಯುತ್ತಿದ್ದರು. ಆದರೆ ಮೇಬಲ್ ಎಂಬ ಒಂದು ಮುದಿ ಕಂದುಹಸುವನ್ನು ಮಾತ್ರ ಜೀನ್ ಮನೆಯ ಹಾಲಿಗೆಂದು ಬೇರೆ ಕಟ್ಟಿ ಕೈಯಲ್ಲೇ ಕರೆಯುತ್ತಿದ್ದಳು.

ನಾವು ಅಲ್ಲಿಗೆ ಹೋದ ಹೊಸದರಲ್ಲಿ ಅಮ್ಮ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಒಂದು ದಿನ ಗೋಡೆಯಾಚೆ ಜೀನ್ ಬೆರಳು ನೋವೆಂದು ಕೈ ಕೊಡವುತ್ತ ಹಾಲು ಕರೆಯುವುದನ್ನು ನೋಡಿದಳು. ಬಂದಷ್ಟು ಇಂಗ್ಲಿಷಿನಲ್ಲಿ "ಐ ಡೂ?" ಎಂದಳು. ಸೀರೆಯ ಮೇಲೆ ಅಪ್ಪನ ದಪ್ಪ ಕೋಟು, ಕಾಲಿಗೆ ಜೀನ್‌ಳ ಹಳೆಯ ರಬ್ಬರ್ ಬೂಟು. ಕುಕ್ಕರುಗಾಲಿನಲ್ಲಿ ಕೂತು ಅಮ್ಮ ಹಾಲು ಕರೆದದ್ದನ್ನು ನೋಡಿ ಜೀನ್ ಚಪ್ಪಾಳೆ ತಟ್ಟಿದಳು. ಅಂದಿನಿಂದ ಬೆಳಗಿನ ಹಾಲು ಅಮ್ಮನ ಪಾಲು. ಅಮ್ಮ ಮೇಬಲ್‌ಗೆ ಗೌರಿ ಎಂದು ಹೆಸರಿಟ್ಟಳು, ಅದರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು. "ಗೌರಿಗೆ ನಿಮ್ಮೆಲ್ಲರಿಗಿಂತ ಚೆನ್ನಾಗಿ ಕನ್ನಡ ಬರುತ್ತೆ" ಎಂದು ನನ್ನನ್ನು ಹಂಗಿಸುತ್ತಿದ್ದಳು. ಆ ಚಳಿಗಾಲ ಅಮ್ಮ ನಗುತ್ತಿದ್ದಳು.

ಚಳಿಗಾಲದ ಕೊನೆಗೆ ರೋಗ ಬಂತು. ನಮ್ಮ ಕಡೆ ಕಾಲುಬಾಯಿ ಜ್ವರ ಎನ್ನುತ್ತಾರಲ್ಲ, ಅದೇ. ಟಿವಿಯಲ್ಲಿ ಮೊದಲ ಸಲ ಸುದ್ದಿ ನೋಡಿ ಅಮ್ಮ, "ಅಷ್ಟೇನಾ?" ಎಂದಿದ್ದಳು. ಅವಳ ತವರಿನಲ್ಲಿ ಎಷ್ಟೋ ಸಲ ಬಂದಿತ್ತಂತೆ. ಕಾಲು ತೊಳೆದು, ಬಾಯಿಯ ಹುಣ್ಣಿಗೆ ಬೆಣ್ಣೆ ಸವರಿ, ರಾಗಿ ಅಂಬಲಿ ಕುಡಿಸುತ್ತಿದ್ದರಂತೆ. ಹಾಲು ಕಡಿಮೆಯಾಗುತ್ತಿತ್ತು, ಎತ್ತು ಸೊರಗುತ್ತಿತ್ತು, ಆದರೆ ಬಹಳಷ್ಟು ಬದುಕಿಕೊಳ್ಳುತ್ತಿದ್ದವು.

ನ್ಯೂಸ್ ಮುಗಿದ ಮೇಲೆ ಅಪ್ಪ, "ಇಲ್ಲಿ ಔಷಧಿ ಮಾಡಲ್ಲ ಸರೋಜಾ, ಕೊಲ್ತಾರೆ" ಎಂದರು. "ಒಂದಕ್ಕೆ ಬಂದ್ರೆ ಆ ಕೊಟ್ಟಿಗೇಲಿ ಇರೋದನ್ನೆಲ್ಲ. ಅಕ್ಕಪಕ್ಕದವರದ್ದೂ."

"ಎಲ್ಲಾನೂ ಅಂದ್ರೆ?"

"ಎಲ್ಲಾನೂ ಅಂದ್ರೆ ಎಲ್ಲಾನೂ."

ದನದ ಡಾಕ್ಟರುಗಳು ಸಾಲದೆ ಬಂದು ಅಪ್ಪನನ್ನೂ ಫಾರ್ಮುಗಳ ಕೆಲಸಕ್ಕೆ ಹಾಕಿದರು. ಕೊಟ್ಟಿಗೆಗೆ ಹೋಗಿ ಹಸುಗಳ ಬಾಯಿ ಬಿಡಿಸಿ ನೋಡುವುದು, ನಾಲಿಗೆಯ ಮೇಲೆ ಬೊಬ್ಬೆ ಕಂಡರೆ ಹೇಳುವುದು, ಹೇಳಿದ ಮೇಲೆ ಕೊಲ್ಲುವವರು ಬಂದು ಮುಗಿಸುವವರೆಗೆ ನಿಂತಿರುವುದು. ಮನೆಗೆ ಬಂದರೆ ಹಿತ್ತಲಿನ ಶೆಡ್ಡಿನಲ್ಲೇ ಬಟ್ಟೆಯೆಲ್ಲ ಬಿಚ್ಚಿ ಚೀಲಕ್ಕೆ ತುಂಬಿ, ಔಷಧಿ ನೀರಿನಲ್ಲಿ ಕೈಕಾಲು ತಿಕ್ಕಿ, ಟವೆಲ್ ಸುತ್ತಿಕೊಂಡು ನಡುಗುತ್ತ ಒಳಗೆ ಓಡಿಬಂದು ಬಾತ್‌ಟಬ್ಬಿಗೆ ಇಳಿಯುತ್ತಿದ್ದರು. ಮೂಗಿನೊಳಗೆ, ಕಿವಿಯೊಳಗೆ, ಉಗುರಿನ ಸಂದಿಯಲ್ಲಿ ಬ್ರಷ್ ಹಾಕಿ ತಿಕ್ಕಿಕೊಳ್ಳುತ್ತಿದ್ದರು. ಅದಾಗುವವರೆಗೆ ನಾನು ಅವರನ್ನು ಮುಟ್ಟುವಂತಿರಲಿಲ್ಲ. ಅಪ್ಪನ ಕೈಯಲ್ಲಿ ಕಾಣದ ಏನೋ ಇದೆ, ಅದು ಹಸುಗಳನ್ನು ಕೊಲ್ಲುತ್ತದೆ ಎಂದು ನಾನು ತಿಳಿದಿದ್ದೆ. ಒಂದು ರೀತಿಯಲ್ಲಿ ಅದು ನಿಜವೇ ಆಗಿತ್ತು.

ಅಮ್ಮನಿಗೆ ಅಪ್ಪ ಮೊದಲ ದಿನವೇ ಹೇಳಿದ್ದರು: "ಇನ್ಮೇಲೆ ಗೌರಿ ಹತ್ರ ಹೋಗಬೇಡ. ಗೋಡೆ ಆಚೆ ಕಾಲೇ ಇಡಬೇಡ."

ಹಳ್ಳಿ ದಿನದಿಂದ ದಿನಕ್ಕೆ ಬಾಯಿ ಮುಚ್ಚಿಕೊಳ್ಳುತ್ತ ಹೋಯಿತು. ರಸ್ತೆಗೆ ಅಡ್ಡಲಾಗಿ ಔಷಧಿಯಲ್ಲಿ ನೆನೆಸಿದ ಹುಲ್ಲು ಹಾಸಿದರು. ಗುಡ್ಡದ ಕಾಲುದಾರಿಗಳಿಗೆ ಹಗ್ಗ ಕಟ್ಟಿ ಬೋರ್ಡು ಹಾಕಿದರು. ಶಾಲೆಯಲ್ಲಿ ಕೋಟು ನೇತುಹಾಕುವ ಗೂಟಗಳು ಒಂದೊಂದಾಗಿ ಖಾಲಿಯಾದವು, ಏಕೆಂದರೆ ಫಾರ್ಮಿನ ಮಕ್ಕಳನ್ನು ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಉಳಿದವರು ನನ್ನಿಂದ ಸ್ವಲ್ಪ ದೂರ ಕೂರತೊಡಗಿದರು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಪಕ್ಕದ ಹುಡುಗಿ, ಅವಳ ಮಾವನಿಗೆ ಕುರಿಗಳಿದ್ದವು, ಮೆಲ್ಲಗೆ ಕೇಳಿದಳು: "ನಿಮ್ಮಪ್ಪ ನಾಳೆ ಯಾರ ಮನೆಗೆ ಹೋಗ್ತಾರೆ?"

ಕೋಪದಿಂದ ಕೇಳಿದ್ದಲ್ಲ. ಹೆದರಿಕೊಂಡು ಕೇಳಿದ್ದು. ನಾನೂ ಹೆದರಿ "ಗೊತ್ತಿಲ್ಲ" ಎಂದೆ.

ಅದಕ್ಕಿಂತ ಮುಂಚೆ ಅಪ್ಪನ ಬಿಳಿ ಕಾರು ಬೀದಿಯಲ್ಲಿ ಬಂದರೆ ಜನ ಕೈ ಬೀಸುತ್ತಿದ್ದರು. ಆಮೇಲೆ ಅದೇ ಕಾರು ಬಂದರೆ ಪರದೆ ಎಳೆದುಕೊಳ್ಳುತ್ತಿದ್ದರು. ಕಾರು ತಮ್ಮ ಗೇಟು ದಾಟಿ ಹೋಯಿತೇ ಎಂದು ಪರದೆಯ ಸಂದಿಯಿಂದ ನೋಡುತ್ತಿದ್ದರು. ಒಬ್ಬ ರೈತ ಗೇಟಿಗೆ ಟ್ರಾಕ್ಟರ್ ಅಡ್ಡ ನಿಲ್ಲಿಸಿ ಅಪ್ಪನನ್ನು ಬೈದು ಕಳಿಸಿದ. ಇನ್ನೊಬ್ಬಾಕೆ ಅಪ್ಪನ ಮುಂದೆ ಮೊಣಕಾಲೂರಿ ಕೂತಳಂತೆ. ಅಪ್ಪ ಅದನ್ನು ಅಮ್ಮನಿಗೆ ಹೇಳುತ್ತಿದ್ದಾಗ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದೆ.

ಗುಡ್ಡದಾಚೆ ಹೊಗೆ ಕಾಣಿಸಿಕೊಂಡಿತು. ಮರದ ದಿಮ್ಮಿ, ಕಲ್ಲಿದ್ದಲು, ಹುಲ್ಲು ಪೇರಿಸಿ ಅದರ ಮೇಲೆ ಹಸುಗಳನ್ನು ಸಾಲಾಗಿ ಇಟ್ಟು ಸುಡುತ್ತಿದ್ದರು. ಒಮ್ಮೆ ಅಮ್ಮ ಹಿತ್ತಲಿನಲ್ಲಿ ಒಣಹಾಕಿದ್ದ ಅಪ್ಪನ ಅಂಗಿಗಳಿಗೆ, ನನ್ನ ಯೂನಿಫಾರ್ಮಿಗೆ ಆ ವಾಸನೆ ಹತ್ತಿತು. ತೊಳೆದರೆ ಹೋಗಲಿಲ್ಲ. ಇನ್ನೊಮ್ಮೆ ತೊಳೆದರೂ ಹೋಗಲಿಲ್ಲ. ಅಮ್ಮ ಆ ಅಂಗಿಗಳನ್ನು ಮೂಗಿಗೆ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ಇಷ್ಟಾದರೂ ಹಾರಲ್ಡನ ಕೊಟ್ಟಿಗೆಗೆ ರೋಗ ಬಂದಿರಲಿಲ್ಲ. ಒಂದು ಬೆಳಿಗ್ಗೆ ಜೀನ್ ಗೋಡೆಯಾಚೆಯಿಂದ ಕೂಗಿದಳು. ಮೇಬಲ್ ಯಾರಿಗೂ ಹಾಲು ಕೊಡುತ್ತಿಲ್ಲ, ಒದೆಯುತ್ತಿದೆ, ಕೆಚ್ಚಲು ಗಟ್ಟಿಯಾಗಿದೆ, ಒಂದೇ ಒಂದು ಸಲ ಬಾ ಎಂದಳು. ಅಮ್ಮ ಬರುವುದಿಲ್ಲ ಎಂದು ತಲೆಯಾಡಿಸಿದಳು. ಒಳಗೆ ಬಂದಳು. ಗೌರಿ ಅತ್ತ ಕೂಗಿಕೊಳ್ಳುತ್ತಿತ್ತು. ಅಮ್ಮ ತಲೆಗೆ ಸ್ನಾನ ಮಾಡಿದಳು, ಒಗೆದಿಟ್ಟ ಸೀರೆ ಉಟ್ಟಳು, ಬೂಟನ್ನು ಔಷಧಿ ನೀರಿನಲ್ಲಿ ಅದ್ದಿದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ಅಪ್ಪಂಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ" ಎಂದು ಗೋಡೆ ದಾಟಿ ಹೋದಳು. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು.

ಅಮ್ಮ ಅಪ್ಪನಿಗೆ ಹೇಳಲಿಲ್ಲ.

ಮುಂದಿನ ವಾರ ಅಮ್ಮ ಪಾತ್ರೆ ತೊಳೆಯುತ್ತ ಕಿಟಕಿಯಿಂದ ಹೊರಗೆ ನೋಡಿದವಳು ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಬಿಟ್ಟಳು. ಗೋಡೆಯ ಪಕ್ಕ ಗೌರಿ ನಿಂತಿತ್ತು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ನೆಲದವರೆಗೆ ಇಳಿದಿತ್ತು. ತುಟಿ ಚಪ್ಪರಿಸುತ್ತಿತ್ತು. ಒಂದು ಕಾಲು ಎತ್ತಿ ಇಡುತ್ತಿತ್ತು, ಮತ್ತೆ ಎತ್ತುತ್ತಿತ್ತು.

ಅಮ್ಮನಿಗೆ ಬಾಯಿ ಬಿಡಿಸಿ ನೋಡಬೇಕಾಗಿರಲಿಲ್ಲ. ಸಂಜೆ ಅಪ್ಪ ಸ್ನಾನ ಮುಗಿಸಿ ಬರುವವರೆಗೂ ಕುರ್ಚಿಯ ತುದಿಯಲ್ಲಿ ಕೂತೇ ಇದ್ದಳು. ಬಂದ ಮೇಲೆ ಎಲ್ಲವನ್ನೂ ಹೇಳಿದಳು, ತಾನು ಗೋಡೆ ದಾಟಿದ್ದನ್ನೂ.

ಅಪ್ಪ ಕೂಗಾಡುತ್ತಾರೆಂದು ನಾನು ಕಾದೆ. ಅವರು ಕೂಗಾಡಲಿಲ್ಲ. ಕಿಟಕಿಯ ಹತ್ತಿರ ಹೋಗಿ, ನೋಡಿ, ವಾಪಸು ಬಂದು ಅಮ್ಮನ ಎದುರು ಕೂತರು.

"ರೀ, ಹುಷಾರಾಗುತ್ತೆ ಕಣ್ರೀ. ನಮ್ಮೂರಲ್ಲಿ ಆಗ್ತಿತ್ತಲ್ಲ. ನಾಕು ದಿನ ಯಾರಿಗೂ ಹೇಳ್ಬೇಡಿ. ನಾನು ಅಂಬಲಿ ಮಾಡ್ಕೊಡ್ತೀನಿ."

"ಸರೋಜಾ, ಇದು ಗಾಳೀಲಿ ಹೋಗುತ್ತೆ. ನಾಕು ದಿನ ಸುಮ್ನಿದ್ರೆ ಈ ಕಣಿವೇಲಿ ಒಂದು ಕುರೀನೂ ಉಳಿಯಲ್ಲ."

"ನಾನೇ ತಂದ್ನಾ? ನಿಮ್ಮ ಬಟ್ಟೆಯಿಂದ ನನ್ನ ಕೈಗೆ ಬಂದು, ನನ್ನ ಕೈಯಿಂದ..."

ಅಪ್ಪ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ, "ಗೊತ್ತಿಲ್ಲ" ಎಂದರು. ಇಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಎದ್ದು ಹೋಗಿ ಮೇಲಿನವರಿಗೆ ಫೋನ್ ಮಾಡಿದರು. ರೋಗದ ವಿಷಯ ಹೇಳಿದರು. ತನ್ನ ಹೆಂಡತಿ ಆ ಹಸುವನ್ನು ಮುಟ್ಟಿದ್ದಾಳೆ ಎಂದೂ ಹೇಳಿದರು. ನನಗೆ ಪೊಲೀಸರು ಬಂದು ಅಮ್ಮನನ್ನು ಹಿಡಿದುಕೊಂಡು ಹೋಗುತ್ತಾರೆ ಅನ್ನಿಸಿತು. ಅವತ್ತು ಅಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದೆ.

ಪೊಲೀಸರು ಬರಲಿಲ್ಲ. ಬೇರೆ ಇಬ್ಬರು ಡಾಕ್ಟರುಗಳು ಬಂದು ಹಾರಲ್ಡನ ಹಸುಗಳನ್ನೂ ಕುರಿಗಳನ್ನೂ ನೋಡಿದರು. ಗೌರಿಯ ನಾಲಿಗೆಯ ಹುಣ್ಣು ಎಷ್ಟು ಹಳೆಯದೋ, ಅವನು ಮಾರುಕಟ್ಟೆಯಿಂದ ತಂದಿದ್ದ ಕುರಿಗಳ ಬಾಯಿಯ ಹುಣ್ಣೂ ಹೆಚ್ಚುಕಡಿಮೆ ಅಷ್ಟೇ ಹಳೆಯದಾಗಿತ್ತು. ಯಾವುದು ಮೊದಲು ಎಂದು ಅವರಿಗೆ ಹೇಳಲಾಗಲಿಲ್ಲ. ಆದರೆ ಇತ್ತೀಚೆಗೆ ಕೊಟ್ಟಿಗೆಗೆ ಯಾರು ಯಾರು ಬಂದಿದ್ದರು ಎಂದು ಕೇಳಿದ್ದರು. ಜೀನ್ ಅಮ್ಮನ ಹೆಸರು ಹೇಳಿದ್ದಳು. ಊರಿಗೆಲ್ಲ ಗೊತ್ತಾಯಿತು.

ಕೊಲ್ಲುವ ದಿನ ನಾವು ಪರದೆಗಳನ್ನೆಲ್ಲ ಎಳೆದು ಒಳಗೆ ಕೂತಿದ್ದೆವು. ಪಕ್ಕದ ಮನೆಯವರೆಂದು ಅಪ್ಪನನ್ನು ಆ ಫಾರ್ಮಿಗೆ ಕಳಿಸಿರಲಿಲ್ಲ, ಇನ್ನೆಲ್ಲಿಗೋ ಹಾಕಿದ್ದರು. ಮೊದಲ ಸದ್ದು ಕೇಳಿದಾಗ ಅಮ್ಮ ಓಡಿಹೋಗಿ ಮಿಕ್ಸಿ ಹಾಕಿದಳು. ಒಳಗೆ ಏನೂ ಇರಲಿಲ್ಲ. ಖಾಲಿ ಮಿಕ್ಸಿ ಕಿರುಚುತ್ತಿತ್ತು, ಅಮ್ಮ ಎರಡೂ ಕೈಯಿಂದ ಅದರ ಮುಚ್ಚಳ ಒತ್ತಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು. ಕೊನೆಗೆ ಮೋಟರು ಬಿಸಿಯಾಗಿ, ಸುಟ್ಟ ವಾಸನೆ ಬಂದು, ತಾನಾಗಿ ನಿಂತಿತು. ಹೊರಗಿನ ಸದ್ದು ಇನ್ನೂ ನಿಂತಿರಲಿಲ್ಲ. ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಪ್ರತಿ ಸಲವೂ ಇದು ಗೌರಿಯೇ ಎಂದು ನಾನು ಅಂದುಕೊಂಡೆ.

ಮರುದಿನ ಹಾಲು ಕರೆಯುವ ಹೊತ್ತಾಯಿತು. ಗೋಡೆಯಾಚೆ ಏನೂ ಕೇಳಿಸಲಿಲ್ಲ. ಆ ನಿಶ್ಶಬ್ದ ನನಗೆ ಸದ್ದಿಗಿಂತ ಹೆಚ್ಚು ಹೆದರಿಕೆ ತಂದಿತು.

ಅಲ್ಲಿಂದಾಚೆ ಅಮ್ಮ ಮತ್ತೆ ಮನೆಯೊಳಗೆ ಸೇರಿಕೊಂಡಳು. ಅಂಗಡಿಗೆ ಅಪ್ಪನೇ ಹೋಗಬೇಕು. ಸಿಂಕಿನ ಮುಂದೆ ನಿಂತು ಕೈ ತೊಳೆಯುತ್ತಿದ್ದಳು, ಮತ್ತೆ ತೊಳೆಯುತ್ತಿದ್ದಳು. ಬೆರಳ ಸಂದಿಯೆಲ್ಲ ಒಡೆದಿತ್ತು. ಹಾರಲ್ಡ್ ಗೋಡೆಯ ಹತ್ತಿರ ಕಂಡರೆ ಕಿಟಕಿಯಿಂದ ಸರಿದು ನಿಲ್ಲುತ್ತಿದ್ದಳು. ಅವನು ದಿನವಿಡೀ ಖಾಲಿ ಹೊಲದಲ್ಲಿ ನಡೆಯುತ್ತಿದ್ದ, ಕೆಲವು ಸಲ ನಮ್ಮ ಮನೆಯ ಕಡೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತಿದ್ದ.

ವಸಂತ ಮುಗಿಯುತ್ತ ಬಂದಿತ್ತು. ಶಾಲೆಗೆ ರಜೆ ಇದ್ದ ಒಂದು ಮಧ್ಯಾಹ್ನ ನಾನು ಊಟದ ಮೇಜಿನ ಹತ್ತಿರ ಚಿತ್ರ ಬರೆಯುತ್ತಿದ್ದೆ. ಅಮ್ಮ ಕಿಟಕಿಯ ಹತ್ತಿರ ನಿಂತು ಚಪಾತಿ ಲಟ್ಟಿಸುತ್ತಿದ್ದವಳು, "ಅಯ್ಯೋ" ಎಂದಳು. ಜೋರಾಗಿ ಅಲ್ಲ, ಉಸಿರಿನಲ್ಲಿ.

ಹಾರಲ್ಡ್ ಹೊಲ ದಾಟಿ ಬರುತ್ತಿದ್ದ. ರಸ್ತೆಯ ಮೇಲಲ್ಲ, ನೆಟ್ಟಗೆ ನಮ್ಮ ಮನೆಯ ಕಡೆಗೆ. ಅವನ ತೋಳಿನ ಮೇಲೆ ಬಂದೂಕು ಇತ್ತು.

ಅಮ್ಮ ಹಿಂಬಾಗಿಲ ಚಿಲಕ ಹಾಕಿದಳು. ಮುಂಬಾಗಿಲಿಗೂ ಓಡಿ ಹಾಕಿದಳು. ನನ್ನನ್ನು ರಟ್ಟೆ ಹಿಡಿದು ಎಳೆದು ಮೆಟ್ಟಿಲ ಕೆಳಗಿನ ಗೂಡಿಗೆ, ವ್ಯಾಕ್ಯೂಮ್ ಕ್ಲೀನರಿನ ಹಿಂದೆ ನೂಕಿದಳು. "ಉಸಿರು ಬಿಡ್ಬೇಡ. ನಾನು ಕರೆಯೋವರ್ಗೂ ಬರ್ಬೇಡ. ಏನೇ ಸದ್ದಾದ್ರೂ ಬರ್ಬೇಡ" ಎಂದಳು. ಅವಳ ಕೈಯ ಹಿಟ್ಟು ನನ್ನ ತೋಳಿಗೆ ಮೆತ್ತಿತ್ತು. ಗೂಡಿನ ಬಾಗಿಲು ಮುಚ್ಚಿತು. ಕತ್ತಲಲ್ಲಿ ನನ್ನ ಎದೆಬಡಿತ ವ್ಯಾಕ್ಯೂಮ್ ಕ್ಲೀನರಿಗೂ ಕೇಳಿಸುತ್ತದೆ ಅನ್ನಿಸುತ್ತಿತ್ತು. ಬಟ್ಟೆ ಒದ್ದೆಯಾದದ್ದು ಗೊತ್ತಾಗಲಿಲ್ಲ.

ಹಿಂಬಾಗಿಲು ಬಡಿಯಿತು. ಅಮ್ಮ ಉತ್ತರ ಕೊಡಲಿಲ್ಲ. ಮತ್ತೆ ಬಡಿಯಿತು.

"ಮಿಸೆಸ್ ಗೌಡ, ನೀವು ಒಳಗಿದೀರಿ ಅಂತ ಗೊತ್ತು." ಹಾರಲ್ಡನ ದನಿ. "ನಿಮ್ಮ ಗಂಡ ಇದಾರಾ?"

"ನೋ" ಎಂದಳು ಅಮ್ಮ. ಹೇಳಬಾರದಿತ್ತು ಎಂದು ನಾನು ಕತ್ತಲಲ್ಲಿ ತುಟಿ ಕಚ್ಚಿದೆ.

ಆಮೇಲೆ ಅವನು ಬಾಗಿಲಿಗೆ ತೀರಾ ಹತ್ತಿರ ಬಂದು ಮಾತಾಡಿದ. "ಇದನ್ನ ನಿಮ್ಮ ಮನೇಲಿ ಇಟ್ಕೊಳ್ಳಿ. ನಮ್ಮನೇಲಿ ಇರೋದು ಬೇಡ. ಜೀನ್‌ಗೆ ಗೊತ್ತಿಲ್ಲ." ಅವನು ಬಾಗಿಲಿಗೆ ಒರಗಿದ ಸದ್ದಾಯಿತು. "ಬೆಳಿಗ್ಗೆ ಎದ್ರೆ ಮಾಡೋಕೆ ಏನೂ ಇಲ್ಲ ನನಗೆ. ಇದೊಂದು ಗೋಡೆ ಮೇಲೆ ಇರುತ್ತೆ. ನೋಡ್ತಾ ಕೂರ್ತೀನಿ."

ಅಮ್ಮನಿಗೆ ಅವನ ಮಾತಿನಲ್ಲಿ ಎಷ್ಟು ಅರ್ಥವಾಯಿತೋ ತಿಳಿಯದು. ಚಿಲಕ ತೆಗೆದ ಸದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡೆ. ಬಂದೂಕಿನ ಸದ್ದು ಬರಲಿಲ್ಲ. ಬಂದದ್ದು ಕುರ್ಚಿ ಎಳೆದ ಸದ್ದು, ಆಮೇಲೆ ಅಮ್ಮನ ದನಿ: "ಸಿಟ್. ಪ್ಲೀಸ್ ಸಿಟ್."

ಕರೆಯದಿದ್ದರೂ ನಾನು ಗೂಡಿನ ಬಾಗಿಲನ್ನು ಒಂದಿಷ್ಟು ಸರಿಸಿ ನೋಡಿದೆ. ಅಮ್ಮ ಎರಡು ಕೈಯಲ್ಲಿ ಬಂದೂಕನ್ನು, ಮಲಗಿದ ಕೂಸನ್ನು ಎತ್ತಿಕೊಂಡಂತೆ, ಮೈಯಿಂದ ದೂರ ಹಿಡಿದುಕೊಂಡು ಬರುತ್ತಿದ್ದಳು. ಅದು ನಡುವೆ ಎರಡಾಗಿ ಮಡಚಿಕೊಂಡಿತ್ತು. ಹಾಗೆ ಮಡಚಿ ಹಿಡಿದರೆ ಗುಂಡು ಹಾರುವುದಿಲ್ಲ, ಹಾಗೆ ಹಿಡಿದು ಬರುವುದು ಅಲ್ಲಿಯವರ ಮರ್ಯಾದೆ ಎಂದು ಅಪ್ಪ ಆಮೇಲೆ ಹೇಳಿದರು. ಅಮ್ಮನಿಗೆ ಅದು ಗೊತ್ತಿರಲಿಲ್ಲ. ಬಂದೂಕನ್ನು ಒಯ್ದು ಬಾತ್‌ಟಬ್ಬಿನಲ್ಲಿ ಮಲಗಿಸಿ, ಮೇಲೆ ಟವೆಲ್ ಹೊದಿಸಿ, ಬಾತ್‌ರೂಮಿನ ಬಾಗಿಲಿಗೆ ಹೊರಗಿನಿಂದ ಕುರ್ಚಿ ಒತ್ತಿ ಇಟ್ಟಳು. ಆಮೇಲೆ ನನ್ನನ್ನು ಕರೆದಳು.

ಹಾರಲ್ಡ್ ಊಟದ ಮೇಜಿನ ಹತ್ತಿರ ಕೂತು ನನ್ನ ಚಿತ್ರವನ್ನೇ ನೋಡುತ್ತಿದ್ದ. ನಾನು ಬರೆದಿದ್ದು ಹಸುವೇ ಆಗಿತ್ತು. ನನಗೆ ಅದನ್ನು ಕಿತ್ತು ಬಚ್ಚಿಡಬೇಕೆನ್ನಿಸಿತು. ಅಮ್ಮ ಅರ್ಧಕ್ಕೆ ಬಿಟ್ಟಿದ್ದ ಚಪಾತಿ ಬೇಯಿಸಿ, ಪಲ್ಯದ ಜೊತೆ ಅವನ ಮುಂದಿಟ್ಟಳು. ಅವನು ತಿಂದ. ಇನ್ನೊಂದು ಹಾಕಿದಳು, ಅದನ್ನೂ ತಿಂದ. ತಿನ್ನುತ್ತ ತಿನ್ನುತ್ತ ಅವನ ಭುಜ ಅಲುಗಾಡತೊಡಗಿತು. ದೊಡ್ಡವರೊಬ್ಬರು ಹಾಗೆ ಸದ್ದಿಲ್ಲದೆ ಅಳುವುದನ್ನು ನಾನು ನೋಡಿರಲಿಲ್ಲ. ಅಮ್ಮ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಒಲೆಯ ಕಡೆ ತಿರುಗಿ ಮತ್ತೊಂದು ಚಪಾತಿ ಲಟ್ಟಿಸಿದಳು.

ಅಪ್ಪನಿಗೆ ಆಗಲೇ ದಾರಿಯಲ್ಲಿ ಯಾರೋ ಹೇಳಿದ್ದರು, ಹಾರಲ್ಡ್ ಬಂದೂಕು ಹಿಡಿದು ನಿಮ್ಮ ಮನೆಯ ಕಡೆ ಹೋದ ಎಂದು. ಬಿಳಿ ಕಾರು ಗೇಟಿಗೆ ಉಜ್ಜಿಕೊಂಡು ಬಂದು ನಿಂತಿತು. ಅಪ್ಪ ಶೆಡ್ಡಿಗೆ ಹೋಗಲಿಲ್ಲ, ಬಟ್ಟೆ ಬಿಚ್ಚಲಿಲ್ಲ. ಬಿಳಿ ಓವರಾಲಿನಲ್ಲೇ "ಸರೋಜಾ, ಸರೋಜಾ" ಎಂದು ಕೂಗುತ್ತ ಓಡಿಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂವರನ್ನೂ ನೋಡಿ, ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತರು. ಅಪ್ಪ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜೀನ್‌ಳನ್ನು ಕರೆತಂದರು. ಅವಳಿಗೆ ಹೇಳಿದರು. ಪೊಲೀಸಿನವನೊಬ್ಬ ಬಂದು ಬಂದೂಕು ತೆಗೆದುಕೊಂಡು ಹೋದ. ಆ ತಿಂಗಳುಗಳಲ್ಲಿ ಎಷ್ಟೋ ಮನೆಗಳಿಂದ ಹಾಗೆ ತೆಗೆದುಕೊಂಡು ಹೋಗಿದ್ದನಂತೆ. ಹಾರಲ್ಡ್ ಆಮೇಲೆ ಡಾಕ್ಟರ ಹತ್ತಿರ ಹೋಗತೊಡಗಿದ. ಬೇಸಿಗೆಗೆ ಹೊಗೆ ನಿಂತಿತು. ಶಾಲೆಯ ಗೂಟಗಳಿಗೆ ಕೋಟುಗಳು ವಾಪಸು ಬಂದವು. ನನ್ನ ಪಕ್ಕದ ಹುಡುಗಿ ನನ್ನ ಪಕ್ಕಕ್ಕೇ ಬಂದು ಕೂತಳು.

ಆದರೆ ಅಪ್ಪನಿಗೆ ಸಾಕಾಗಿತ್ತು. ಮಿಶಿಗನ್ನಿನಲ್ಲಿದ್ದ ಕಾಲೇಜಿನ ಗೆಳೆಯರೊಬ್ಬರು ಒಂದು ಲ್ಯಾಬಿನ ಕೆಲಸದ ಬಗ್ಗೆ ಹೇಳಿದಾಗ ಎರಡನೇ ಮಾತಾಡದೆ ಒಪ್ಪಿಕೊಂಡರು. ಹಾಗೆ ನಾವು ಲಿವೋನಿಯಾಕ್ಕೆ ಬಂದದ್ದು. ನಿವೃತ್ತಿಯಾಗುವವರೆಗೂ ಅಪ್ಪ ಗಾಜಿನ ಪಟ್ಟಿಗಳ ಮೇಲಿನ ರಕ್ತದ ತೊಟ್ಟುಗಳನ್ನಷ್ಟೇ ನೋಡಿದರು, ಜೀವವಿರುವ ಒಂದು ಪ್ರಾಣಿಯನ್ನೂ ಮುಟ್ಟಲಿಲ್ಲ. ನಾನು ಮದುವೆಯಾಗಿ ನೇಪರ್‌ವಿಲ್‌ಗೆ ಬಂದ ಮೇಲೆ ಅವರಿಬ್ಬರೂ ಐ-೯೪ ಹೆದ್ದಾರಿ ಹಿಡಿದು ಬರುತ್ತಾರೆ. ದಾರಿಯಲ್ಲಿ ಕೆಂಪು ಕೊಟ್ಟಿಗೆಗಳು ಕಂಡರೆ ಅಪ್ಪ ಸ್ಪೀಡು ಹೆಚ್ಚಿಸುತ್ತಾರೆ ಎಂದು ಅಮ್ಮ ಹೇಳುತ್ತಾಳೆ. ಅಮ್ಮ ಮಾತ್ರ ತಿರುಗಿ ತಿರುಗಿ ನೋಡುತ್ತಾಳಂತೆ.

ಅದಕ್ಕೆ ಕಾರಣ, ನಾವು ಹೊರಡುವ ಮುಂಚೆ ನಡೆದದ್ದು.

ಚಳಿ ಶುರುವಾದ ಮೇಲೆ ಹಾರಲ್ಡ್ ಹೊಸ ಹಸುಗಳನ್ನು ತಂದ. ಅವುಗಳ ಕೂಗು ಕೇಳಿದ ದಿನ ಅಮ್ಮ ಕಿಟಕಿಯ ಪರದೆ ಎಳೆದಳು. ನಮ್ಮ ಸಾಮಾನೆಲ್ಲ ಪೆಟ್ಟಿಗೆ ಸೇರಿತ್ತು. ಒಂದು ಬೆಳಿಗ್ಗೆ ಜೀನ್ ತಾನೇ ಬಂದಳು, ಅಮ್ಮ ಅವತ್ತು ಗೋಡೆಯಾಚೆಯೇ ಬಿಚ್ಚಿಟ್ಟು ಬಂದಿದ್ದ ಹಳೆಯ ರಬ್ಬರ್ ಬೂಟುಗಳನ್ನು ಕೈಯಲ್ಲಿ ಹಿಡಿದು. ಒಳಗೆ ಬಂದು ಕೂರಲಿಲ್ಲ.

"ಬಾ ಲವ್, ಒಂದು ಹಸು ನನ್ನನ್ನ ಹತ್ತಿರ ಸೇರಿಸ್ತಿಲ್ಲ" ಎಂದಳು.

ಅಮ್ಮ ಆಗದೆಂದು ತಲೆಯಾಡಿಸಿದಳು. ಒಡೆದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ನಾಟ್ ದಿಸ್ ಹ್ಯಾಂಡ್" ಎಂದಳು.

ಜೀನ್ ಬೂಟುಗಳನ್ನು ಅಮ್ಮನ ಕಾಲ ಹತ್ತಿರ ಇಟ್ಟಳು. ಸುಳ್ಳು ಹೇಳಿ ಸಮಾಧಾನ ಮಾಡುತ್ತಾಳೆ ಎಂದು ನಾನು ಆಸೆಪಟ್ಟೆ. "ಕೆಲವು ದಿನ ನೀನೇ ತಂದೆ ಅನ್ಸುತ್ತೆ ನನಗೆ" ಎಂದಳು ಜೀನ್. "ಕೆಲವು ದಿನ ಹಾರಲ್ಡನ ಕುರಿಗಳೇ ತಂದವು ಅನ್ಸುತ್ತೆ. ಎಲ್ಲಕ್ಕೂ ಮುಂಚೆ ನಿನ್ನನ್ನ ಗೋಡೆ ಮೇಲಿಂದ ಕೂಗಿ ಕರೆದವಳು ನಾನು ಅಂತ ನೆನಪಾಗೋ ದಿನಾನೂ ಇದೆ. ಯಾವ ದಿನ ಆದ್ರೂ, ನೀನು ಬಂದ್ರೆ ನನಗೆ ಒಳ್ಳೇದು."

ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಹೇಳುವಾಗ ಮೊದಲ ಮಾತನ್ನು ಬಿಟ್ಟುಬಿಡಲೇ ಎಂದು ಯೋಚಿಸಿದೆ. ಬಿಡಲಿಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡು, ಮುಖ ಒರೆಸಿಕೊಂಡು, ಬಾಗಿಲಲ್ಲೇ ಕೂತು ಬೂಟು ಹಾಕಿಕೊಂಡಳು.

ನಾನೂ ಹಿಂದೆ ಹೋದೆ. ಹಸು ಕಪ್ಪು ಬಿಳುಪಿನದು, ಎಳೆಯದು, ಅಮ್ಮನನ್ನು ಕಂಡು ಕಣ್ಣು ಹಿಗ್ಗಿಸಿ ಹಿಂದೆ ಸರಿಯಿತು. ಅಮ್ಮನೂ ಒಂದು ಹೆಜ್ಜೆ ಹಿಂದೆ ಸರಿದಳು. ಹಾರಲ್ಡ್ ಕೊಟ್ಟಿಗೆಯ ಆ ತುದಿಯಲ್ಲಿ ಉದ್ದ ಹಿಡಿಯ ಫೋರ್ಕ್ ಹಿಡಿದು ನಿಂತಿದ್ದ, ಹುಲ್ಲು ಎಳೆಯುವುದನ್ನು ನಿಲ್ಲಿಸಿದ್ದ. ಅಮ್ಮ ಕುಕ್ಕರುಗಾಲಿನಲ್ಲಿ ಕೂತಳು. ಕೈ ಮುಂದೆ ಚಾಚಿದಳು, ಮುಟ್ಟದೆ ಹಿಂದಕ್ಕೆ ಎಳೆದುಕೊಂಡಳು, ಮತ್ತೆ ಚಾಚಿದಳು. ಹಸು ಒದ್ದೇ ಒದೆಯುತ್ತದೆ ಎಂದು ನಾನು ಕಂಬ ಅವುಚಿಕೊಂಡೆ.

"ಹೆದರ್ಕೋಬೇಡ ಕಣೆ" ಎಂದಳು ಅಮ್ಮ, ಹಸುವಿಗೆ.

ಮೊದಲ ಎಳೆ ಹಾಲು ಬಕೆಟ್ಟಿನ ತಳಕ್ಕೆ ಬಿದ್ದು ಸರ್ ಎಂದಿತು. ಹಾರಲ್ಡ್ ಮತ್ತೆ ಹುಲ್ಲು ಎಳೆಯತೊಡಗಿದ.